ತಿರುಗಿ ನೋಡುವ ಪಾತ್ರ: ಬೋನ್ ರಿಗ್‌ನಲ್ಲಿ ಮುಖ ಕೆಡದಂತೆ ತಿರುಗಿಸುವ ಬಗೆ

ಕೈ ಬೀಸುತ್ತದೆ, ಕಾಲು ನಡೆಯುತ್ತದೆ, ಬಾಯಿಯೂ ಆಡುತ್ತದೆ. ಪಾತ್ರ ತಿರುಗಿ ನೋಡಬೇಕು ಅಂದ ಕೂಡಲೇ ಮಾತ್ರ ಮುಖ ಸೊಟ್ಟಗಾಗುತ್ತದೆ. ಇಲ್ಲವೇ ಪಟ್ಟಂತ ಆ ಕಡೆಯಿಂದ ಈ ಕಡೆಗೆ ಹಾರಿಬಿಡುತ್ತದೆ. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಮನೆಯಲ್ಲೇ ಕೂತು ಅನಿಮೇಷನ್ ಕಲಿಯುತ್ತಿರುವವರು ಮತ್ತೆ ಮತ್ತೆ ಕೇಳುವುದು ಇದನ್ನೇ. ಹಾಗಾಗಿ ಒಮ್ಮೆ ಪೂರ್ತಿ ಬರೆದುಬಿಡುತ್ತೇನೆ.

ಮೊದಲು ಒಂದು ವಿಷಯ ತಲೆಯಲ್ಲಿ ಕೂರಲಿ. ಬೋನ್ ಪಾತ್ರವನ್ನು ತಿರುಗಿಸುವುದಿಲ್ಲ. ಬೋನ್ ಅಂದರೆ ಚಿತ್ರದ ಭಾಗಗಳನ್ನು ಕಟ್ಟಿಹಾಕುವ ಗೆರೆ. ಹೀಗೆ ಬೋನ್ ಕಟ್ಟಿ ಆಡಿಸಲು ತಯಾರಾದ ಪಾತ್ರದ ಜೋಡಣೆಯೇ ರಿಗ್. ಬೋನ್ ಗಡಿಯಾರದ ಮುಳ್ಳಿನ ಹಾಗೆ ಕಾಗದದ ಮೇಲೆಯೇ ಆ ಕಡೆಗೋ ಈ ಕಡೆಗೋ ಸುತ್ತುತ್ತದೆ, ಅಷ್ಟೇ. ಮೊಣಕೈ ಮಡಚಲು, ತಲೆ ವಾಲಿಸಲು ಅಷ್ಟು ಸಾಕು. ಆದರೆ ಪಾತ್ರ ನಮ್ಮ ಕಡೆಯಿಂದ ಪಕ್ಕಕ್ಕೆ ತಿರುಗುವಾಗ ಚಲನೆ ಕಾಗದದ ಒಳಕ್ಕೆ, ಆಳಕ್ಕೆ ಹೋಗುತ್ತದೆ. ಆ ಆಳ ನಮ್ಮ ಚಿತ್ರದಲ್ಲಿ ಇಲ್ಲವೇ ಇಲ್ಲ. ತೊಗಲುಗೊಂಬೆ ಆಟದಲ್ಲೂ ಇದೇ ಪಾಡು. ಕೈಕಾಲು ಕೀಲು ಎಲ್ಲ ಆಡುತ್ತವೆ, ಗೊಂಬೆ ತಿರುಗಬೇಕಾದಾಗ ಮಾತ್ರ ಆಡಿಸುವವರು ಇಡೀ ಗೊಂಬೆಯನ್ನೇ ಮಗುಚುತ್ತಾರೆ. ಅವರಿಗಿಲ್ಲದ ಒಂದು ಅನುಕೂಲ ನಮಗಿದೆ. ಚಿತ್ರದ ಪ್ರತಿ ಬಿಂದುವನ್ನೂ ಬೇರೆ ಬೇರೆ ದೂರಕ್ಕೆ ಸರಿಸಬಹುದು. ತಿರುವು ಹುಟ್ಟುವುದು ಅಲ್ಲಿ.

ಕೆಳಗಿನ ಹಂತಗಳನ್ನು ಮೋಹೋ ಪ್ರೊ ಎಂಬ ಅನಿಮೇಷನ್ ಸಾಫ್ಟ್‌ವೇರ್ ಇಟ್ಟುಕೊಂಡು ಬರೆದಿದ್ದೇನೆ. ಕಾರಣ ಅದರ ಸ್ಮಾರ್ಟ್ ಬೋನ್ ಸೌಲಭ್ಯ, ಅಂದರೆ ಒಂದು ಬೋನ್ ತಿರುಗಿಸಿದರೆ ಮೊದಲೇ ತಯಾರಿಸಿಟ್ಟ ಚಲನೆ ನಡೆಯುವ ವ್ಯವಸ್ಥೆ. ಈ ಸಾಫ್ಟ್‌ವೇರ್‌ಗೆ ಹಿಂದೆ ಕೆಲವು ವರ್ಷ ಅನಿಮೆ ಸ್ಟುಡಿಯೋ ಎಂಬ ಹೆಸರಿತ್ತು. 2012ರಲ್ಲಿ ಬಂದ 9ನೇ ಪ್ರೊ ಆವೃತ್ತಿಯಲ್ಲಿ ಸ್ಮಾರ್ಟ್ ಬೋನ್ ಸೇರಿತು. ನಿಮ್ಮ ಹತ್ತಿರ ಬೇರೆ ಸಾಫ್ಟ್‌ವೇರ್ ಇದ್ದರೆ ಬೇಜಾರಿಲ್ಲ, ಅದರ ಬಗ್ಗೆ ಕೊನೆಯಲ್ಲಿ ಹೇಳುತ್ತೇನೆ.

ಏನೇನು ಬೇಕು

ಮೋಹೋ ಪ್ರೊ ಅಥವಾ ಅದರ ಟ್ರಯಲ್ ಆವೃತ್ತಿ, ಮೌಸ್, ಕಾಗದ, ಪೆನ್ಸಿಲ್, ಒಂದು ಸ್ಕೇಲ್. ಡ್ರಾಯಿಂಗ್ ಟ್ಯಾಬ್ಲೆಟ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ಇಲ್ಲಿನ ಕೆಲಸ ಗೆರೆ ಎಳೆಯುವುದಕ್ಕಿಂತ ಬಿಂದು ಸರಿಸುವುದೇ ಜಾಸ್ತಿ. ವೀಡಿಯೋ ತೆಗೆಯಲು ಒಂದು ಮೊಬೈಲೂ ಇರಲಿ.

ಉದಾಹರಣೆಗೆ ಒಬ್ಬ ಕೊನೆಗೌಡನನ್ನು ತೆಗೆದುಕೊಳ್ಳೋಣ, ಅಂದರೆ ಅಡಿಕೆ ಮರ ಹತ್ತಿ ಕೊನೆ ಇಳಿಸುವವನು. ತಲೆಗೆ ಅಡಿಕೆ ಹಾಳೆಯ ಟೋಪಿ, ಎಡ ಹೆಗಲ ಮೇಲೆ ಟವೆಲ್, ಮೊಣಕಾಲಿನವರೆಗೆ ಎತ್ತಿ ಕಟ್ಟಿದ ಪಂಚೆ, ಸೊಂಟದ ಬಲಬದಿಗೆ ಕತ್ತಿ. ಸುಮ್ನೆ ಆರಿಸಿದ್ದಲ್ಲ. ಎಡ ಬಲ ಒಂದೇ ಥರ ಇಲ್ಲದ ಪಾತ್ರದಲ್ಲೇ ತಿರುವಿನ ಎಲ್ಲ ತಾಪತ್ರಯಗಳೂ ಎದ್ದು ಕಾಣುತ್ತವೆ.

ಹಂತ 1: ತಿರುವಿನ ಹಾಳೆ

ಕಂಪ್ಯೂಟರ್ ಮುಟ್ಟುವ ಮೊದಲು ಕಾಗದದ ಮೇಲೆ ಪಾತ್ರವನ್ನು ಐದು ನೋಟಗಳಲ್ಲಿ ಬರೆಯಿರಿ: ಎದುರು, ಎದುರಿನ ಮುಕ್ಕಾಲು, ಪಕ್ಕ, ಹಿಂದಿನ ಮುಕ್ಕಾಲು, ಬೆನ್ನು. ಮುಕ್ಕಾಲು ಅಂದರೆ ಎದುರಿಗೂ ಪಕ್ಕಕ್ಕೂ ನಡುವಿನ ನೋಟ. ಎಲ್ಲವೂ ಒಂದೇ ಸಾಲಿನಲ್ಲಿ ನಿಂತಿರಲಿ. ಟೋಪಿಯ ತುದಿ, ಹುಬ್ಬು, ಮೂಗಿನ ಬುಡ, ಗಲ್ಲ, ಹೆಗಲು, ಸೊಂಟ, ಮೊಣಕಾಲು, ಪಾದ, ಇಷ್ಟಕ್ಕೂ ಸ್ಕೇಲ್ ಇಟ್ಟು ಅಡ್ಡ ಗೆರೆ ಎಳೆಯಿರಿ. ಐದೂ ನೋಟಗಳಲ್ಲಿ ಅವು ಆ ಗೆರೆಯ ಮೇಲೇ ಕೂರಬೇಕು.

ಎಚ್ಚರಿಕೆ: ಇದನ್ನು ಬಿಟ್ಟು ನೇರ ರಿಗ್‌ಗೆ ಹೋಗುವವರೇ ಹೆಚ್ಚು. ಆಮೇಲೆ ಪಾತ್ರ ತಿರುಗುವಾಗ ಕುಳ್ಳಗಾಗಿ ಮತ್ತೆ ಎತ್ತರವಾದರೆ ತಪ್ಪು ರಿಗ್‌ನದ್ದು ಅಂದುಕೊಳ್ಳುತ್ತಾರೆ. ಅದು ಹಾಳೆಯ ತಪ್ಪು. ರಿಗ್‌ನಲ್ಲಿ ಎಷ್ಟು ತಿದ್ದಿದರೂ ಸರಿಹೋಗದು.

ಜೊತೆಗೆ ಒಂದು ವೀಡಿಯೋ. ಸ್ನೇಹಿತನನ್ನೋ ತಮ್ಮನನ್ನೋ ಜಗಲಿಯಲ್ಲಿ ನಿಲ್ಲಿಸಿ, ಹಿಂದಿನಿಂದ ಕರೆದು, ತಿರುಗಿ ನೋಡಲು ಹೇಳಿ. ಮಳೆಗಾಲದಲ್ಲಿ ಮನೆಯೊಳಗೆ ಬೆಳಕು ಸಾಲದು, ಜಗಲಿಯೇ ಸರಿ. ಮೊಬೈಲನ್ನು ಕೈಯಲ್ಲಿ ಹಿಡಿಯಬೇಡಿ, ಸ್ಟೂಲ್ ಮೇಲೆ ಸೊಂಟದ ಎತ್ತರಕ್ಕೆ ಇಡಿ. ಮೊದಲು ಏನು ಅಲುಗಿತು, ಆಮೇಲೆ ಏನು ಅಂತ ಒಂದೊಂದೇ ಫ್ರೇಮ್ ಸರಿಸಿ ನೋಡಿ ಬರೆದಿಟ್ಟುಕೊಳ್ಳಿ. ಫ್ರೇಮ್ ಅಂದರೆ ವೀಡಿಯೋದ ಒಂದೊಂದು ಬಿಡಿ ಚಿತ್ರ. ಕಣ್ಣು ಮೊದಲು ಹೋಗುತ್ತದೆ, ಪಾದ ಕೊನೆಗೆ. ಹೆಚ್ಚು ಕಡಿಮೆ ಎಲ್ಲರದ್ದೂ ಹೀಗೇ.

ಹಂತ 2: ಭಾಗಗಳು ಮತ್ತು ಬಿಂದುಗಳು

ಎದುರಿನ ನೋಟವನ್ನು ಸಾಫ್ಟ್‌ವೇರ್‌ನಲ್ಲಿ ವೆಕ್ಟರ್ ಆಗಿ ಬರೆಯಿರಿ. ವೆಕ್ಟರ್ ಅಂದರೆ ಬಿಂದುಗಳನ್ನು ಗೆರೆಗಳಿಂದ ಜೋಡಿಸಿದ ಚಿತ್ರ. ಮುಖದ ಆಕಾರ, ಎರಡು ಕಿವಿ, ಎರಡು ಕಣ್ಣು, ಹುಬ್ಬು, ಮೂಗು, ಬಾಯಿ, ಟೋಪಿ, ಎಲ್ಲಕ್ಕೂ ಬೇರೆ ಬೇರೆ ಲೇಯರ್, ಅಂದರೆ ಒಂದರ ಮೇಲೊಂದು ಇಟ್ಟ ಪಾರದರ್ಶಕ ಪದರ. ಕತ್ತಿ ಮತ್ತು ಟವೆಲ್‌ಗಂತೂ ಬೇರೆ ಲೇಯರ್ ಇರಲೇಬೇಕು.

ಬಿಂದುಗಳು ಎಷ್ಟು ಕಡಿಮೆ ಇದ್ದರೆ ಅಷ್ಟು ಒಳ್ಳೆಯದು. ಮುಖದ ಹೊರಗೆರೆಗೆ ಎಂಟು ಹತ್ತು ಸಾಕು. ಆದರೆ ಅವು ಎಲ್ಲಿರಬೇಕು ಅನ್ನುವುದನ್ನು ಎದುರಿನ ನೋಟ ನೋಡಿ ತೀರ್ಮಾನಿಸಬೇಡಿ. ಮುಕ್ಕಾಲು ನೋಟ ನೋಡಿ. ಅಲ್ಲಿ ಕೆನ್ನೆಯ ಮೂಳೆ ಉಬ್ಬುತ್ತದೆ, ಕಣ್ಣಿನ ಹತ್ತಿರ ತಗ್ಗಾಗುತ್ತದೆ. ಆ ಎರಡೂ ಜಾಗಗಳಲ್ಲಿ ಈಗಲೇ ಒಂದೊಂದು ಬಿಂದು ಬೇಕು. ಎದುರಿನಿಂದ ನೋಡಿದಾಗ ಅವು ಏನೂ ಕೆಲಸವಿಲ್ಲದೆ ಗೆರೆಯ ಮೇಲೆ ಕೂತಿರುತ್ತವೆ. ಇರಲಿ ಬಿಡಿ.

ಎಚ್ಚರಿಕೆ: ತಿರುವು ಮಾಡಲು ಶುರುಮಾಡಿದ ಮೇಲೆ ಬಿಂದು ಸೇರಿಸುವುದು, ಅಳಿಸುವುದು ಬೇಡ. ಅದುವರೆಗೆ ಮಾಡಿದ ಕೆಲಸವನ್ನೆಲ್ಲ ಮತ್ತೆ ಒಂದೊಂದಾಗಿ ನೋಡಿ ತಿದ್ದಬೇಕಾಗುತ್ತದೆ.

ಇನ್ನೊಂದು. ಕಣ್ಣಿನ ಗುಡ್ಡೆಯನ್ನು ಕಣ್ಣಿನ ಬಿಳಿಯ ಒಳಗೆ ಮಾಸ್ಕ್ ಮಾಡಿ. ಮಾಸ್ಕ್ ಅಂದರೆ ಒಂದು ಆಕಾರದ ಹೊರಗೆ ಇನ್ನೊಂದು ಕಾಣದಂತೆ ಕತ್ತರಿಸುವುದು. ಇಲ್ಲದಿದ್ದರೆ ಪಾತ್ರ ತಿರುಗಿ, ನಮ್ಮಿಂದ ದೂರದ ಕಣ್ಣು ಕಿರಿದಾದಾಗ ಗುಡ್ಡೆ ಕೆನ್ನೆಯ ಮೇಲೆ ಬಂದು ಕೂರುತ್ತದೆ.

ಹಂತ 3: ಬೋನ್‌ಗಳು

ಸೊಂಟ, ಬೆನ್ನು, ಎದೆ, ಕುತ್ತಿಗೆ, ತಲೆ, ಕೈ, ಕಾಲು. ಇದು ನಿಮಗೆ ಗೊತ್ತಿರುವ ಸಾಮಾನ್ಯ ರಿಗ್, ವಿವರಿಸುವುದಿಲ್ಲ. ಎಲ್ಲವನ್ನೂ ಸೊನ್ನೆ ಫ್ರೇಮ್‌ನಲ್ಲೇ ಕಟ್ಟಿ. ಮೋಹೋದಲ್ಲಿ ಸೊನ್ನೆ ಫ್ರೇಮ್ ಇರುವುದೇ ರಿಗ್ ಕಟ್ಟಲು.

ಇದಕ್ಕೆ ಎರಡು ಬೋನ್ ಹೆಚ್ಚಿಗೆ ಹಾಕಿ. ಪಾತ್ರದ ಪಕ್ಕದಲ್ಲಿ ಖಾಲಿ ಜಾಗದಲ್ಲಿ ನೆಟ್ಟಗೆ ನಿಂತ ಸಣ್ಣ ಬೋನ್‌ಗಳು. ಒಂದರ ಹೆಸರು ತಲೆ ತಿರುವು, ಇನ್ನೊಂದು ಮೈ ತಿರುವು. ಇವು ಚಿತ್ರದ ಯಾವ ಭಾಗವನ್ನೂ ಹಿಡಿದುಕೊಂಡಿರುವುದಿಲ್ಲ. ಇವುಗಳ ಕೋನ ಬದಲಾದಾಗ ನೀವು ಮೊದಲೇ ತಯಾರಿಸಿಟ್ಟ ಚಲನೆ ನಡೆಯುತ್ತದೆ, ಅಷ್ಟೇ. ಕಸುಬಿನವರು ಇವನ್ನು ಡಯಲ್ ಅನ್ನುತ್ತಾರೆ. ಡಯಲ್ ಯಾವ ಕೋನದಲ್ಲಿದೆಯೋ ಅದಕ್ಕೆ ತಕ್ಕ ಚಲನೆ ಆಡುವುದೇ ಸ್ಮಾರ್ಟ್ ಬೋನ್.

ಎಚ್ಚರಿಕೆ: ಡಯಲ್ ಬೋನಿನ ಬಲವನ್ನು ಸೊನ್ನೆ ಮಾಡಿ. ಬಲ ಅಂದರೆ ಒಂದು ಬೋನ್ ತನ್ನ ಸುತ್ತಲಿನ ಬಿಂದುಗಳನ್ನು ಎಷ್ಟು ಎಳೆಯುತ್ತದೆ ಎಂಬ ಅಳತೆ. ಸೊನ್ನೆ ಮಾಡದಿದ್ದರೆ ತಲೆ ತಿರುಗಿಸಿದಾಗ ಹೆಗಲು ಯಾಕೋ ಜಾರಿದಂತೆ ಕಾಣುತ್ತದೆ. ಎಷ್ಟು ಹುಡುಕಿದರೂ ಕಾರಣ ಸಿಗುವುದಿಲ್ಲ, ಯಾಕೆಂದರೆ ಕಾರಣ ಪಾತ್ರದ ಹೊರಗಿದೆ.

ತಲೆಗೂ ಮೈಗೂ ಒಂದೇ ಡಯಲ್ ಸಾಕಲ್ವಾ ಅಂತ ಕೇಳುತ್ತಾರೆ. ಸಾಲದು. ತಲೆ ಮತ್ತು ಎದೆ ಒಟ್ಟಿಗೆ ಹೊರಟು ಒಟ್ಟಿಗೆ ನಿಂತರೆ ಪಾತ್ರ ಕಂಬಕ್ಕೆ ಕಟ್ಟಿದಂತೆ ತಿರುಗುತ್ತದೆ. ಜೀವ ಬರುವುದು ಒಂದು ಮುಂದೆ, ಒಂದು ಹಿಂದೆ ಹೋದಾಗ.

ಕೊನೆಗೆ ಎರಡೂ ಡಯಲ್‌ಗಳಿಗೆ ಕೋನದ ಮಿತಿ ಹಾಕಿ. ಎಡಕ್ಕೆ 45 ಡಿಗ್ರಿ, ಬಲಕ್ಕೆ 45 ಡಿಗ್ರಿ ಸಾಕು. ಅದಕ್ಕಿಂತ ಮುಂದಿನ ತಿರುವು ಬೇರೆ ದಾರಿಯಲ್ಲಿ ಬರುತ್ತದೆ.

ಹಂತ 4: ಮುಖದ ತಿರುವು

ಈ ಲೇಖನದ ಮುಖ್ಯ ಭಾಗ ಇದೇ. ನಿಧಾನವಾಗಿ ಓದಿ.

ತಲೆ ತಿರುವು ಬೋನ್ ಆಯ್ಕೆ ಮಾಡಿ, ವಿಂಡೋ ಮೆನುವಿನಿಂದ ಆಕ್ಷನ್ಸ್ ತೆರೆದು, ಹೊಸ ಸ್ಮಾರ್ಟ್ ಬೋನ್ ಆಕ್ಷನ್ ಮಾಡಿ. ಆಕ್ಷನ್ ಅಂದರೆ ಮುಖ್ಯ ಟೈಮ್‌ಲೈನ್‌ಗೆ, ಅಂದರೆ ಫ್ರೇಮ್‌ಗಳ ಮುಖ್ಯ ಸಾಲಿಗೆ, ಸೇರದ, ಪಕ್ಕಕ್ಕೆ ಎತ್ತಿಟ್ಟ ಚಲನೆ. ಆಕ್ಷನ್‌ಗೆ ಬೋನಿನ ಹೆಸರೇ ಇರಬೇಕು. ಇನ್ನೊಂದು ದಿಕ್ಕಿನ ಆಕ್ಷನ್‌ಗೆ ಅದೇ ಹೆಸರು, ಒಂದು ಜಾಗ ಬಿಟ್ಟು 2. ಮಧ್ಯೆ ಬೋನಿನ ಹೆಸರು ಬದಲಾಯಿಸಿ ಆಕ್ಷನ್‌ನ ಹೆಸರು ಹಾಗೇ ಬಿಟ್ಟರೆ ಸಂಬಂಧ ತಪ್ಪುತ್ತದೆ, ಡಯಲ್ ತಿರುಗಿಸಿದರೂ ಮುಖ ಕದಲುವುದಿಲ್ಲ.

ಆಕ್ಷನ್‌ನ 100ನೇ ಫ್ರೇಮ್‌ನಲ್ಲಿ ಡಯಲ್ 45 ಡಿಗ್ರಿಗೆ ಬಂದಿರಲಿ. ಡಯಲಿನ ಕೀ ಫ್ರೇಮ್‌ಗಳನ್ನು ಲೀನಿಯರ್ ಮಾಡಿ, ಅಂದರೆ ಒಂದೇ ವೇಗದ ಚಲನೆ. ಆಗ 50ನೇ ಫ್ರೇಮ್ ಅಂದರೆ ಸರಿಯಾಗಿ ಅರ್ಧ ತಿರುವು. ಕೀ ಫ್ರೇಮ್ ಅಂದರೆ ಇಂಥ ಹೊತ್ತಿಗೆ ಇದು ಇಲ್ಲಿರಬೇಕು ಅಂತ ನೀವು ಹಾಕುವ ಗುರುತು.

ಈಗ ಬಿಂದುಗಳನ್ನು ಎಷ್ಟೆಷ್ಟು ಸರಿಸಬೇಕು? ಕಣ್ಣಳತೆಯಲ್ಲೇ ಮಾಡಬಹುದು, ಆದರೆ ಲೆಕ್ಕ ಗೊತ್ತಿದ್ದರೆ ಕೆಲಸ ಸಲೀಸು. ತಲೆ ಒಂದು ಚೆಂಡು ಅಂತ ಇಟ್ಟುಕೊಳ್ಳಿ. ಚೆಂಡಿನ ಮೇಲಿನ ಯಾವುದೇ ಬಿಂದು ಪಕ್ಕಕ್ಕೆ ಎಷ್ಟು ದೂರ ಕಾಣುತ್ತದೆ ಅನ್ನುವುದು ಅದರ ಕೋನದ ಸೈನ್ ಬೆಲೆ. ಹೈಸ್ಕೂಲಿನ ತ್ರಿಕೋನಮಿತಿ ಇಲ್ಲಿ ಕೆಲಸಕ್ಕೆ ಬರುತ್ತದೆ ನೋಡಿ.

ತಲೆಯ ನಡುವಿನಿಂದ ಅಂಚಿಗೆ 100 ಅಳತೆ ಅಂದುಕೊಳ್ಳಿ. ಎದುರಿನ ನೋಟದಲ್ಲಿ ಮೂಗು ನಡುವೆ, ಅಂದರೆ ಸೊನ್ನೆಯಲ್ಲಿ. ಕಣ್ಣುಗಳು ನಡುವಿನಿಂದ 30 ಡಿಗ್ರಿ ಆಚೀಚೆ ಇವೆ, ಅಂದರೆ ಎಡ ಬಲ 50ರಲ್ಲಿ. ಕಿವಿಗಳು ಅಂಚಿನಲ್ಲಿ, 100ರಲ್ಲಿ. ಈಗ ಪಾತ್ರ ಪರದೆಯ ಬಲಕ್ಕೆ 45 ಡಿಗ್ರಿ ತಿರುಗಿತು. ಮೂಗು ಬಲಕ್ಕೆ 71ಕ್ಕೆ ಹೋಗುತ್ತದೆ. ಬಲಗಡೆ ಕಾಣುವ ಕಣ್ಣು 50ರಿಂದ 97ಕ್ಕೆ, ಬಹುತೇಕ ಅಂಚಿಗೇ ಹೋಗುತ್ತದೆ. ಎಡಗಡೆಯ ಕಣ್ಣು ನಡುಗೆರೆ ದಾಟಿ ಬಲಕ್ಕೆ 26ಕ್ಕೆ ಬರುತ್ತದೆ. ಎಡಗಡೆಯ ಕಿವಿ 100ರಿಂದ 71ಕ್ಕೆ, ಒಳಕ್ಕೆ ಬರುತ್ತದೆ. ಬಲಗಡೆಯ ಕಿವಿಯೂ ಒಳಕ್ಕೇ ಬರುತ್ತದೆ, ಆದರೆ ತಲೆಯ ಹಿಂದೆ, ಹಾಗಾಗಿ ಕಾಣುವುದಿಲ್ಲ.

ಅಂದರೆ ಮುಂದಿರುವುದು ತಿರುಗುವ ದಿಕ್ಕಿಗೆ ಓಡುತ್ತದೆ. ಹಿಂದಿರುವುದು ಅದರ ವಿರುದ್ಧ ದಿಕ್ಕಿಗೆ. ಅಂಚಿನಲ್ಲಿರುವುದು ಮೊದಮೊದಲು ಕದಲುವುದೇ ಇಲ್ಲ. ಮುಖ ಚಪ್ಪಟೆಯಾಗಿ ಕಾಣುವ ಪ್ರತಿ ರಿಗ್‌ನಲ್ಲೂ ಕಣ್ಣು, ಮೂಗು, ಬಾಯಿ ಮೂರನ್ನೂ ಒಂದೇ ಅಳತೆ ಸರಿಸಿರುತ್ತಾರೆ. ಮೂಗಿನ ತುದಿ ಮುಖಕ್ಕಿಂತ ಮುಂದೆ ಚಾಚಿದೆ. ಹಾಗಾಗಿ ಅದನ್ನು ಲೆಕ್ಕಕ್ಕಿಂತ ತುಸು ಹೆಚ್ಚೇ ಸರಿಸಿ.

ಅಗಲದ ಲೆಕ್ಕವೂ ಇದೆ. ಇದೇ ಚೆಂಡಿನ ಮೇಲೆ ದೂರದ ಕಣ್ಣು ತನ್ನ ಮೊದಲಿನ ಅಗಲದ 30%ಕ್ಕೆ ಇಳಿಯುತ್ತದೆ. ಹತ್ತಿರದ ಕಣ್ಣು 10% ಚಿಲ್ಲರೆ ಹಿಗ್ಗುತ್ತದೆ. ಆದರೆ ಕಾರ್ಟೂನ್ ಮುಖಕ್ಕೆ 30% ತೀರಾ ಕಿರಿದು, ಕಣ್ಣು ಮುಚ್ಚಿದ ಹಾಗೆ ಕಾಣುತ್ತದೆ. 55ರಿಂದ 60% ಇಟ್ಟರೆ ಚೆನ್ನ. ಹಾಗೆಯೇ ಮನುಷ್ಯನ ಮುಖ ಚೆಂಡಿಗಿಂತ ಚಪ್ಪಟೆ. ಆದ್ದರಿಂದ ಕಣ್ಣು ಬಾಯಿಗಳನ್ನು ಮೇಲಿನ ಲೆಕ್ಕದ ಮುಕ್ಕಾಲು ಪಾಲಷ್ಟು ಸರಿಸಿ, ಆಮೇಲೆ ನಿಮ್ಮ ತಿರುವಿನ ಹಾಳೆ ನೋಡಿಕೊಂಡು ತಿದ್ದಿ. ಲೆಕ್ಕಕ್ಕೂ ಹಾಳೆಗೂ ಜಗಳ ಬಂದರೆ ಹಾಳೆಯೇ ಗೆಲ್ಲಬೇಕು.

ಕೊನೆಗೌಡನ ಹಾಳೆ ಟೋಪಿಯ ಬಗ್ಗೆ ಒಂದು ಮಾತು. ಟೋಪಿಯ ಕೆಳ ಅಂಚು ತಲೆಯ ಸುತ್ತ ಹೋಗುವ ಬಳೆ. ಅದರ ಮುಂಭಾಗ ಬಲಕ್ಕೆ ಸರಿದರೆ, ಹಿಂಭಾಗ, ಕಣ್ಣಿಗೆ ಕಾಣುವಷ್ಟರ ಮಟ್ಟಿಗೆ, ಎಡಕ್ಕೆ ಸರಿಯಬೇಕು. ತುದಿ ಮಾತ್ರ ಬಹುತೇಕ ಇದ್ದಲ್ಲೇ ಇರುತ್ತದೆ, ಯಾಕೆಂದರೆ ಅದು ತಿರುಗುವ ಅಕ್ಷದ ಮೇಲಿದೆ. ಇಡೀ ಟೋಪಿಯನ್ನು ಮೂಗಿನ ಜೊತೆ ಸರಿಸಿದರೆ ಟೋಪಿ ತಲೆಯಿಂದ ಜಾರುತ್ತಿರುವಂತೆ ಕಾಣುತ್ತದೆ.

ಈಗ ಬರುವುದು ಬಹಳ ಜನ ಬಿಟ್ಟುಬಿಡುವ ಕೆಲಸ. 50ನೇ ಫ್ರೇಮ್‌ನಲ್ಲಿ ಇನ್ನೊಂದು ಕೀ ಫ್ರೇಮ್ ಹಾಕಿ. ಶುರುವಿನಲ್ಲಿ ಒಂದು, ಕೊನೆಯಲ್ಲಿ ಒಂದು ಅಷ್ಟೇ ಇದ್ದರೆ ಕಂಪ್ಯೂಟರ್ ಎಲ್ಲ ಬಿಂದುಗಳನ್ನೂ ನೇರ ಗೆರೆಯಲ್ಲಿ, ಒಂದೇ ಲಯದಲ್ಲಿ ಸರಿಸುತ್ತದೆ. ನಿಜವಾದ ತಿರುವಿನಲ್ಲಿ ಹಾಗಿಲ್ಲ. ಅರ್ಧ ತಿರುವಿನ ಹೊತ್ತಿಗೆ ಮೂಗು ತನ್ನ ದಾರಿಯ 54% ದಾಟಿರುತ್ತದೆ, ಹತ್ತಿರದ ಕಿವಿ ಬರೀ 26%. ಈ ವ್ಯತ್ಯಾಸ ಇಲ್ಲದಿದ್ದರೆ ನಡು ತಿರುವಿನಲ್ಲಿ ತಲೆ ಕುಗ್ಗಿದಂತೆ ಕಾಣುತ್ತದೆ. ನೀವು ಕೇಳುವ “ಮಧ್ಯದಲ್ಲಿ ಮುಖ ಯಾಕೆ ಸೊರಗುತ್ತದೆ” ಎಂಬ ಪ್ರಶ್ನೆಗೆ ಉತ್ತರ ಇದೇ. 50ರಲ್ಲಿ ಕಿವಿ ಮತ್ತು ಹೊರಗೆರೆಯ ಬಿಂದುಗಳನ್ನು ಹೊರಕ್ಕೆ ತಳ್ಳಿ, ಮೊದಲಿನ ಅಗಲಕ್ಕೆ ತನ್ನಿ.

ಎಚ್ಚರಿಕೆ: ಆಕ್ಷನ್ ಮುಗಿದ ಮೇಲೆ ಮುಖ್ಯ ಟೈಮ್‌ಲೈನ್‌ಗೆ ವಾಪಸ್ ಬನ್ನಿ. ಬಂದಿದ್ದೀರಾ ಅಂತ ಆಕ್ಷನ್ಸ್ ಕಿಟಕಿಯಲ್ಲಿ ನೋಡಿಕೊಳ್ಳಿ. ಮರೆತು ಆಕ್ಷನ್ ಒಳಗೇ ಬಾಯಿ ಆಡಿಸುತ್ತಾ ಹೋದರೆ, ಆಮೇಲೆ ತಲೆ ತಿರುಗಿದಾಗಲೆಲ್ಲ ಬಾಯಿ ತೆರೆಯುತ್ತದೆ.

ಮತ್ತೆ, ಒಂದು ಹಂತ ಮುಗಿದ ಕೂಡಲೇ ಫೈಲನ್ನು ಹೊಸ ನಂಬರ್ ಹಾಕಿ ಉಳಿಸಿ. ನಮ್ಮ ಕಡೆ ಜೂನ್ ಬಂತೆಂದರೆ ಕರೆಂಟ್ ಯಾವಾಗ ಹೋಗುತ್ತದೆ ಅಂತ ಹೇಳಬೇಕಾಗಿಲ್ಲ.

ಹಂತ 5: ಎಡ, ಬಲ ಮತ್ತು ಕತ್ತಿ

ಬಲಕ್ಕೆ ಮಾಡಿದ ತಿರುವನ್ನು ಎಡಕ್ಕೂ ಮಾಡಬೇಕು. ಮುಖ ಎರಡೂ ಕಡೆ ಒಂದೇ ಥರ ಇದ್ದರೆ ಅಳತೆಗಳನ್ನೇ ತಿರುಗಿಸಿ ಹಾಕಿದರಾಯಿತು. ಕೆಲವರು ಇನ್ನೂ ಸುಲಭದ ದಾರಿ ಹಿಡಿಯುತ್ತಾರೆ. ಇಡೀ ಪಾತ್ರವನ್ನೇ ಕನ್ನಡಿಯಲ್ಲಿ ನೋಡಿದಂತೆ ಮಗುಚಿಬಿಡುತ್ತಾರೆ. ನೋಡುವವರಿಗೆ ಮೊದಲು ಗೊತ್ತಾಗುವುದಿಲ್ಲ. ಆದರೆ ಕತ್ತಿ ಬಲ ಸೊಂಟದಿಂದ ಎಡ ಸೊಂಟಕ್ಕೆ ಹಾರಿರುತ್ತದೆ, ಟವೆಲ್ ಎಡ ಹೆಗಲಿನಿಂದ ಬಲಕ್ಕೆ. ತೋಟದ ಕೆಲಸ ಗೊತ್ತಿರುವವರು ತಕ್ಷಣ ಹಿಡಿಯುತ್ತಾರೆ.

ಸರಿಯಾದ ಬಗೆ ಹೀಗಿದೆ. ನಮ್ಮ ಎದುರು ನಿಂತವನ ಬಲ ಸೊಂಟ ಪರದೆಯ ಎಡಗಡೆ ಕಾಣುತ್ತದೆ. ಅವನು ಪರದೆಯ ಬಲಕ್ಕೆ ತಿರುಗಿದರೆ ಆ ಸೊಂಟ ನಮ್ಮ ಹತ್ತಿರಕ್ಕೆ ಬರುತ್ತದೆ. ಕತ್ತಿ ಅಂಚಿನಿಂದ ಮೈಯ ನಡುವಿನ ಕಡೆಗೆ ಸರಿದು ಪೂರ್ತಿ ಕಾಣುತ್ತದೆ. ಪರದೆಯ ಎಡಕ್ಕೆ ತಿರುಗಿದರೆ ಕತ್ತಿ ಮೈಯ ಹಿಂದೆ ಹೋಗಿ ಮರೆಯಾಗುತ್ತದೆ. ಆದ್ದರಿಂದ ಮೈ ತಿರುವಿನ ಎರಡು ಆಕ್ಷನ್‌ಗಳಲ್ಲಿ ಕತ್ತಿಗೆ ಬೇರೆ ಬೇರೆ ಚಲನೆ ಬೇಕು. ಟವೆಲ್, ಪಂಚೆಯ ನೆರಿಗೆ, ಜೇಬು, ಬೈತಲೆ, ಮೂಗುತಿ, ಎಲ್ಲಕ್ಕೂ ಇದೇ ನಿಯಮ.

ಲೇಯರ್‌ಗಳ ಹಿಂದು ಮುಂದೂ ಬದಲಾಗಬೇಕು. ಎದುರಿನ ನೋಟದಲ್ಲಿ ಎರಡೂ ಕೈ ಮೈಯ ಮುಂದಿದ್ದರೆ, ತಿರುಗಿದಾಗ ದೂರದ ಕೈ ಎದೆಯ ಹಿಂದೆ ಹೋಗಬೇಕು. ಮೋಹೋದಲ್ಲಿ ಲೇಯರ್ ಕ್ರಮವನ್ನು ಅನಿಮೇಟ್ ಮಾಡುವ ಆಯ್ಕೆ ಬೋನ್ ಲೇಯರಿನ ಸೆಟ್ಟಿಂಗ್‌ನಲ್ಲಿದೆ, ಅದನ್ನು ಮೊದಲೇ ಚಾಲೂ ಮಾಡಿ. ಕ್ರಮ ನಿಧಾನವಾಗಿ ಬದಲಾಗುವುದಿಲ್ಲ, ಒಂದು ಫ್ರೇಮ್‌ನಲ್ಲಿ ಪಟ್ಟಂತ ಬದಲಾಗುತ್ತದೆ. ಹಾಗಾಗಿ ಕೈ ಮೈಯಿಂದ ಹೊರಗೆ, ಯಾವುದರ ಮೇಲೂ ಕೂರದೆ ಇರುವ ಫ್ರೇಮ್ ಹುಡುಕಿ, ಅಲ್ಲಿ ಬದಲಾಯಿಸಿ.

ಹಂತ 6: 45 ಡಿಗ್ರಿ ದಾಟಿದ ಮೇಲೆ

ಪಕ್ಕದ ನೋಟಕ್ಕೋ ಬೆನ್ನಿಗೋ ಹೋಗಬೇಕಾದರೆ ಬಿಂದು ಸರಿಸುವುದನ್ನು ಬಿಡಿ. ಎದುರಿನ ಮೂಗನ್ನು ಎಳೆದೆಳೆದು ಪಕ್ಕದ ಮೂಗು ಮಾಡುವ ಹಟ ಬೇಡ. ಸಮಯ ಹೋಗುತ್ತದೆ, ಆಕಾರ ಬರುವುದಿಲ್ಲ.

ಬದಲಿಗೆ ಸ್ವಿಚ್ ಲೇಯರ್ ಬಳಸಿ. ಒಂದೇ ಜಾಗದಲ್ಲಿ ಹಲವು ಚಿತ್ರಗಳನ್ನು ಇಟ್ಟು, ಬೇಕಾದ ಹೊತ್ತಿಗೆ ಒಂದನ್ನು ಮಾತ್ರ ತೋರಿಸುವ ಲೇಯರ್ ಅದು. ತಲೆಗೆ ಒಂದು ಸ್ವಿಚ್, ಎದೆ ಸೊಂಟಕ್ಕೆ ಒಂದು, ಎರಡು ಪಾದಕ್ಕೆ ಒಂದೊಂದು. ಪ್ರತಿಯೊಂದರಲ್ಲೂ ತಿರುವಿನ ಹಾಳೆಯ ನೋಟಗಳು.

ಬದಲಾವಣೆ ಕಣ್ಣಿಗೆ ಹೊಡೆಯದಿರಲು ಮೂರು ಉಪಾಯ. ಮೊದಲನೆಯದು, ಪಾತ್ರ ಅತಿ ವೇಗವಾಗಿ ಚಲಿಸುವ ಫ್ರೇಮ್‌ನಲ್ಲಿ ಚಿತ್ರ ಬದಲಾಯಿಸಿ. ನಿಂತಾಗ ಅಥವಾ ನಿಲ್ಲುವ ಹೊತ್ತಿಗೆ ಎಂದೂ ಬೇಡ. ಎರಡನೆಯದು, ತಲೆಯ ಚಿತ್ರ ಬದಲಾಗುವಾಗ ಕಣ್ಣು ಮುಚ್ಚಿರಲಿ. ಮೂರನೆಯದು, ತಲೆ ಮತ್ತು ಎದೆಯ ಚಿತ್ರಗಳನ್ನು ಒಂದೇ ಫ್ರೇಮ್‌ನಲ್ಲಿ ಬದಲಾಯಿಸಬೇಡಿ, ಎರಡು ಮೂರು ಫ್ರೇಮ್ ಅಂತರ ಇರಲಿ. ಈ ಮೂರರಲ್ಲಿ ಒಂದನ್ನೇ ಮಾಡುವಷ್ಟು ಪುರುಸೊತ್ತು ಇದ್ದರೆ ಮೊದಲನೆಯದನ್ನು ಮಾಡಿ.

ಹಂತ 7: ಸಮಯ

ರಿಗ್ ತಯಾರು. ಇನ್ನು ಅನಿಮೇಷನ್. ಸೆಕೆಂಡಿಗೆ 24 ಫ್ರೇಮ್ ಲೆಕ್ಕ. ಸಾಮಾನ್ಯ ತಲೆ ತಿರುವಿಗೆ 8ರಿಂದ 12 ಫ್ರೇಮ್ ಸಾಕು. ಬೆಚ್ಚಿ ತಿರುಗಿದರೆ 4ರಿಂದ 6. ಏನೋ ಯೋಚಿಸುತ್ತಾ ತಿರುಗಿದರೆ 16ರಿಂದ 24. ಹೊಸಬರು ಮಾಡುವ ತಿರುವು ಬಹುತೇಕ ನಿಧಾನವಾಗಿಯೇ ಇರುತ್ತದೆ. ಅಷ್ಟು ಕಷ್ಟಪಟ್ಟು ಮಾಡಿದ ನಡುವಿನ ಚಿತ್ರಗಳನ್ನು ಎಲ್ಲರೂ ನೋಡಲಿ ಅನ್ನುವ ಆಸೆ ಇರಬೇಕು. ಯಾರೂ ನೋಡಬಾರದು, ಅದೇ ಒಳ್ಳೆಯ ತಿರುವು.

ನಮ್ಮ ಕೊನೆಗೌಡ ಪರದೆಯ ಎಡಕ್ಕೆ ಮುಖ ಮಾಡಿ ನಿಂತಿದ್ದಾನೆ. ಹಿಂದಿನಿಂದ ಯಾರೋ “ಹೋಯ್ ಮಾರಾಯಾ” ಅಂತ ಕರೆದರು. ಅವನು ಬಲಕ್ಕೆ ತಿರುಗಬೇಕು. ಫ್ರೇಮ್‌ಗಳನ್ನು ಹೀಗೆ ಹಂಚಿ.

10ರಿಂದ 12: ಗುಡ್ಡೆಗಳು ಬಲಕ್ಕೆ. ತಲೆ ಇನ್ನೂ ಕದಲಿಲ್ಲ.

12ರಿಂದ 14: ತಲೆ ತುಸು ಹಿಂದಕ್ಕೆ, ಅಂದರೆ ಎಡಕ್ಕೇ, ಐದು ಡಿಗ್ರಿಯಷ್ಟು. ತಿರುಗುವ ಮೊದಲು ಎಳೆದುಕೊಳ್ಳುವ ಚಲನೆ ಇದು. ಡಯಲ್ ಮೊದಲೇ ಎಡದ ಮಿತಿಯಲ್ಲಿದ್ದರೆ ಇದಕ್ಕೆ ಜಾಗ ಉಳಿಯುವುದಿಲ್ಲ. ಪಾತ್ರವನ್ನು 40ರಲ್ಲಿ ನಿಲ್ಲಿಸಿ ಶುರುಮಾಡಿ.

14ರಿಂದ 22: ತಲೆಯ ತಿರುವು. 15ಕ್ಕೆ ರೆಪ್ಪೆ ಇಳಿಯತೊಡಗಿ 17ಕ್ಕೆ ಮುಚ್ಚಿ, 18ರಲ್ಲೂ ಮುಚ್ಚಿದ್ದು, 21ಕ್ಕೆ ತೆರೆಯಲಿ. 18ರಲ್ಲಿ ತಲೆ ಬೋನನ್ನು ಸ್ವಲ್ಪ ಕೆಳಕ್ಕೆ ತನ್ನಿ, ಗಲ್ಲ ತಗ್ಗಬೇಕು. ತಲೆ ನೇರ ಗೆರೆಯಲ್ಲಿ ತಿರುಗಿದರೆ ಯಂತ್ರದ ಹಾಗೆ ಕಾಣುತ್ತದೆ, ಬಿಲ್ಲಿನಂತೆ ಬಾಗಿ ಹೋಗಬೇಕು.

18ರಿಂದ 27: ಎದೆ, ಅಂದರೆ ಮೈ ತಿರುವಿನ ಡಯಲ್. ತಲೆ ನಿಲ್ಲುವ ಹೊತ್ತಿಗೆ ಎದೆ ನಡುದಾರಿಯಲ್ಲಿರುತ್ತದೆ.

22ರಿಂದ 26: ತಲೆ ಗುರಿಯನ್ನು ಮೂರು ನಾಲ್ಕು ಡಿಗ್ರಿ ದಾಟಿ, ವಾಪಸ್ ಬಂದು ನಿಲ್ಲುತ್ತದೆ. ಅದಕ್ಕೂ 45ರ ಮಿತಿಯೊಳಗೆ ಜಾಗ ಬೇಕು, ಆದ್ದರಿಂದ ತಲೆ ನಿಲ್ಲುವ ಗುರಿ 40 ಇರಲಿ.

28ರಿಂದ 34: ಟವೆಲ್ ಮತ್ತು ಪಂಚೆಯ ತುದಿ. ಬಟ್ಟೆ ಮೈಗಿಂತ ಮೂರು ನಾಲ್ಕು ಫ್ರೇಮ್ ತಡವಾಗಿ ಬಂದು, ಒಮ್ಮೆ ಆಚೆ ಹೋಗಿ, ತೂಗಿ ನಿಲ್ಲಬೇಕು. ಕತ್ತಿ ಭಾರದ್ದು, ಅಷ್ಟು ತೂಗುವುದಿಲ್ಲ.

ಪಾದಗಳನ್ನು ಬೇಕೆಂದೇ ಬಿಟ್ಟಿದ್ದೇನೆ. ಅದಕ್ಕೆ ಬೇರೆ ಹಂತವೇ ಬೇಕು.

ಹಂತ 8: ಪಾದ

ಇಡೀ ಮೈ ತಿರುಗಿ, ಪಾದ ಮಾತ್ರ ನೆಲದ ಮೇಲೆ ಜಾರಿದರೆ ಮೇಲೆ ಮಾಡಿದ್ದೆಲ್ಲ ನೀರಿಗೆ ಹಾಕಿದಂತೆ. ನಿಂತ ಮನುಷ್ಯ ತಿರುಗುವಾಗ ಮೊದಲು ಒಂದು ಕಾಲಿನ ಮೇಲೆ ಭಾರ ಹಾಕುತ್ತಾನೆ. ಆಮೇಲೆ ಇನ್ನೊಂದನ್ನು ಎತ್ತಿ, ತಿರುಗಿಸಿ ಇಡುತ್ತಾನೆ. ಕೊನೆಗೆ ಮೊದಲನೆಯದನ್ನು ಸರಿಪಡಿಸಿಕೊಳ್ಳುತ್ತಾನೆ.

20ರ ಹೊತ್ತಿಗೆ ಸೊಂಟವನ್ನು ಭಾರದ ಕಾಲಿನ ಮೇಲಕ್ಕೆ ಸರಿಸಿ, ತುಸು ತಗ್ಗಿಸಿ. 22ಕ್ಕೆ ಇನ್ನೊಂದು ಪಾದ ಏಳಲಿ. 25ಕ್ಕೆ ಅದು ಎತ್ತರದಲ್ಲಿರುವಾಗ ಸ್ವಿಚ್‌ನಿಂದ ಹೊಸ ನೋಟದ ಪಾದ ಹಾಕಿ. 29ಕ್ಕೆ ನೆಲಕ್ಕೆ. ಆಮೇಲೆ ಭಾರ ಅದರ ಮೇಲೆ ಬಂದ ನಂತರ ಮೊದಲಿನ ಪಾದ, 32ರಿಂದ 37.

ನೆಲ ಮುಟ್ಟಿದ ಪಾದ ಕದಲದಂತೆ ಹಿಡಿಯಲು ಐಕೆ ಬಳಸಿ. ಐಕೆ ಅಂದರೆ ತೊಡೆ, ಮೊಣಕಾಲು ಅಂತ ಒಂದೊಂದಾಗಿ ತಿರುಗಿಸದೆ, ಪಾದವನ್ನು ಒಂದು ಕಡೆ ಇಟ್ಟರೆ ಉಳಿದದ್ದು ತಾನಾಗಿ ಮಡಚಿಕೊಳ್ಳುವ ವ್ಯವಸ್ಥೆ. ಪಾದಕ್ಕೆ ಒಂದು ಗುರಿ ಬೋನ್ ಕೊಡಿ, ಪಾದ ಅದನ್ನೇ ಹಿಂಬಾಲಿಸುತ್ತದೆ. ಅದನ್ನು ಸೊಂಟದ ಬೋನಿಗೆ ಮಗುವಾಗಿ, ಅಂದರೆ ಅದರ ಜೊತೆ ಚಲಿಸುವಂತೆ, ಸೇರಿಸಬೇಡಿ. ಸೇರಿಸಿದರೆ ಸೊಂಟದ ಜೊತೆ ಪಾದವೂ ಎದ್ದು ಹೋಗುತ್ತದೆ.

ಎಚ್ಚರಿಕೆ: ಕಾಲು ಪೂರ್ತಿ ನೆಟ್ಟಗಿದ್ದಾಗ ಐಕೆಗೆ ಮೊಣಕಾಲು ಯಾವ ಕಡೆ ಮಡಚಬೇಕು ಅಂತ ತಿಳಿಯುವುದಿಲ್ಲ, ಒಮ್ಮೊಮ್ಮೆ ಹಿಂದಕ್ಕೆ ಮುರಿದುಕೊಳ್ಳುತ್ತದೆ. ಸೊನ್ನೆ ಫ್ರೇಮ್‌ನಲ್ಲೇ ಮೊಣಕಾಲು ಸ್ವಲ್ಪ ಬಾಗಿರಲಿ, ಮತ್ತು ಅದಕ್ಕೂ ಕೋನದ ಮಿತಿ ಹಾಕಿ. ಪಾತ್ರ ಎಡದಿಂದ ಬಲಕ್ಕೆ ಹೋದಾಗ ಮೊಣಕಾಲಿನ ದಿಕ್ಕೂ ಬದಲಾಗಬೇಕು. ಆ ಬದಲಾವಣೆ ಪಂಚೆಯ ಮರೆಯಲ್ಲಿ, ಪಾದ ಗಾಳಿಯಲ್ಲಿರುವಾಗ ಆಗಲಿ.

ಹಂತ 9: ಪರೀಕ್ಷೆ

ಎಲ್ಲ ಲೇಯರ್‌ಗಳಿಗೂ ಕಪ್ಪು ತುಂಬಿದ ಒಂದು ಪ್ರತಿ ಮಾಡಿ, ಡಯಲನ್ನು ಎಡದ ತುದಿಯಿಂದ ಬಲದ ತುದಿಗೆ ನಿಧಾನವಾಗಿ ಎಳೆಯಿರಿ. ಬರೀ ಹೊರಾಕಾರ ನೋಡಿ. ಅದು ಕುಗ್ಗುತ್ತಿದೆಯೇ, ಎಲ್ಲಾದರೂ ಜಿಗಿಯುತ್ತಿದೆಯೇ? ಬಣ್ಣ, ಕಣ್ಣು, ಮೂಗು ಇದ್ದಾಗ ಮುಚ್ಚಿಹೋಗುವ ತಪ್ಪುಗಳೆಲ್ಲ ಇಲ್ಲಿ ಬಯಲಾಗುತ್ತವೆ.

ಗೆರೆಯ ದಪ್ಪವನ್ನೂ ನೋಡಿ. ದೂರದ ಕಣ್ಣಿನ ಗೆರೆ ಸಣ್ಣಗಾಗಿದ್ದರೆ ನೀವು ಬಿಂದು ಸರಿಸುವ ಬದಲು ಲೇಯರನ್ನೇ ಕುಗ್ಗಿಸಿದ್ದೀರಿ.

ತಲೆಯನ್ನು ಮೇಲೆ ಕೆಳಗೆ ನೋಡಿಸುವ ಇನ್ನೊಂದು ಡಯಲ್ ಸೇರಿಸಿದ್ದರೆ ಮೂಲೆಗಳನ್ನು ತಪ್ಪದೆ ಪರೀಕ್ಷಿಸಿ. ಮೇಲೆ ಮತ್ತು ಬಲಕ್ಕೆ, ಕೆಳಗೆ ಮತ್ತು ಎಡಕ್ಕೆ, ಹೀಗೆ. ಎರಡು ಡಯಲ್‌ಗಳ ಚಲನೆ ಒಂದರ ಮೇಲೊಂದು ಕೂಡುತ್ತದೆ. ಒಂದೊಂದೇ ಆದಾಗ ಸರಿಯಿದ್ದ ಕಣ್ಣು ಮೂಲೆಯಲ್ಲಿ ಮುಖದಿಂದಲೇ ಆಚೆ ಹೋಗಬಹುದು. ಸುಲಭದ ಪರಿಹಾರ ಅಂದರೆ ಮೂಲೆಗೆ ಹೋಗುವಾಗ ಎರಡೂ ಡಯಲ್‌ಗಳನ್ನು ಮಿತಿಯ ತುದಿಯವರೆಗೆ ಒಯ್ಯದಿರುವುದು. ಧಾರಾವಾಹಿಗೆ ರಿಗ್ ಮಾಡುತ್ತಿದ್ದರೆ ಮಾತ್ರ ಮೂಲೆ ತಿದ್ದಲು ಮೂರನೆಯ ಡಯಲ್ ಮಾಡಿ, ಒಂದೆರಡು ನಿಮಿಷದ ಕಿರುಚಿತ್ರಕ್ಕೆ ಅಷ್ಟು ಶ್ರಮ ಬೇಡ.

ಬೇರೆ ಸಾಫ್ಟ್‌ವೇರ್ ಇದ್ದವರಿಗೆ

ಲೈವ್2ಡಿ ಬಳಸುವವರಿಗೆ ಡಯಲ್ ಮೊದಲೇ ತಯಾರಿದೆ. ತಲೆಯ ತಿರುವಿಗೆ ಆಂಗಲ್ ಎಕ್ಸ್ ಎಂಬ ಪ್ಯಾರಾಮೀಟರ್ ಇದೆ, ಅದು ಮೈನಸ್ 30ರಿಂದ 30ರವರೆಗೆ ಹೋಗುತ್ತದೆ. ಹಂತ 4ರ ಲೆಕ್ಕವನ್ನು 30 ಡಿಗ್ರಿಗೆ ಬದಲಾಯಿಸಿಕೊಳ್ಳಿ: ಮೂಗು 50, ದೂರದ ಕಣ್ಣು 87, ಹತ್ತಿರದ ಕಣ್ಣು ಸರಿಯಾಗಿ ನಡುವೆ, ಹತ್ತಿರದ ಕಿವಿ 87. ಬ್ಲೆಂಡರ್ ಉಚಿತ. ಅಲ್ಲಿ ಚಿತ್ರವನ್ನು ಮೆಶ್ ಮೇಲೆ, ಅಂದರೆ ಬಿಂದುಗಳ ಬಲೆಯ ಮೇಲೆ, ಹಾಕಿ, ತಿರುಗಿದ ಆಕಾರವನ್ನು ಶೇಪ್ ಕೀ ಆಗಿ ಉಳಿಸಿ, ಅದನ್ನು ಡ್ರೈವರ್ ಮೂಲಕ ಒಂದು ಬೋನಿನ ಕೋನಕ್ಕೆ ಕಟ್ಟಬಹುದು. ಸಿನ್‌ಫಿಗ್ ಕೂಡ ಉಚಿತ, ಬೋನ್ ಮತ್ತು ಸ್ವಿಚ್ ಎರಡೂ ಇವೆ. ಹಳೆಯ ಲ್ಯಾಪ್‌ಟಾಪ್ ಇರುವವರು ಅದರಲ್ಲಿ ಹಂತ 4 ಬಿಟ್ಟು, ಮುಕ್ಕಾಲು ನೋಟವನ್ನೂ ಸ್ವಿಚ್‌ಗೇ ಹಾಕಿ, ಹಂತ 6ರ ಮೂರು ಉಪಾಯಗಳಿಂದಲೇ ತಿರುವು ಮಾಡಲಿ. 6 ಫ್ರೇಮ್‌ನ ವೇಗದ ತಿರುವಿಗೆ ಅಷ್ಟೇ ಸಾಕು.